ಒಂದೇ ಲೋಟ, ಇಪ್ಪತ್ತಾರು ಮೈಲಿ

ನಮ್ಮ ಜನ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುತ್ತಾರಲ್ಲ, ಅದರ ಬಗ್ಗೆ ನೀವು ಯಾವತ್ತಾದರೂ ಯೋಚನೆ ಮಾಡಿದ್ದೀರೋ ಇಲ್ಲವೋ ನಾನು ಕಾಣೆ. ನಾನಂತೂ ಮಾಡಿದ್ದೇನೆ. ಕಾರ್ಖಾನೆಯ ಟೂಲ್ ರೂಮಿನ ಕಿಟಕಿಯ ಹಿಂದೆ ದಿನಕ್ಕೆ ಎಂಟು ಗಂಟೆ ಕೂತಿರುವವನಿಗೆ ಯೋಚನೆ ಮಾಡುವುದಕ್ಕೆ ಹೊತ್ತಿಗೇನು ಬರ. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಉಡುಗೊರೆ ಕೊಡುವವರು ತಮ್ಮ ಹೆಸರು ಕೆತ್ತಿಸಿ ಕೊಡುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಅನ್ನ ಬೇಯುವುದು ನನ್ನ ಹೆಂಡತಿಯ ದೊಡ್ಡಪ್ಪನ ಹೆಸರಿನಲ್ಲಿ, ಸಾರು ಕುದಿಯುವುದು ತಿಪಟೂರಿನ ನಮ್ಮ ಹಳೇ ಮೇಷ್ಟರ ಹೆಸರಿನಲ್ಲಿ. ಬದುಕಿರುವವರು, ತೀರಿಕೊಂಡವರು, ನಮ್ಮ ಜೊತೆ ಮಾತು ಬಿಟ್ಟವರು ಎಲ್ಲರೂ ಒಂದೇ ಗೂಡಿನಲ್ಲಿ ಬೋರಲು ಬಿದ್ದಿರುತ್ತಾರೆ. ಪಾತ್ರೆಯ ಮೇಲಿನ ಹೆಸರು ಕೊಟ್ಟವರದು, ಬಳಸುವವರದಲ್ಲ. ಇದು ನಿಯಮ. ಈ ನಿಯಮಕ್ಕೆ ನಮ್ಮ ಮನೆಯಲ್ಲಿ ಒಂದೇ ಒಂದು ಪಾತ್ರೆ ಹೊರಗು. ಅದೊಂದು ಸ್ಟೀಲಿನ ಲೋಟ. ಅದರ ಮೇಲೆ ‘ಟಿ. ಪಂಚಾಕ್ಷರಯ್ಯ’ ಎಂದು ಕೆತ್ತಿದೆ. ಕೆತ್ತಿದವನು ಮುಂದಾಲೋಚನೆ ಇಲ್ಲದ ಮನುಷ್ಯ. ಮೊದಲ ಅಕ್ಷರಗಳನ್ನು ಧಾರಾಳವಾಗಿ ದಪ್ಪ ದಪ್ಪ ಕೆತ್ತಿ, ಲೋಟ ಸುತ್ತಿ ಬರುವ ಹೊತ್ತಿಗೆ ಜಾಗ ಸಾಲದೆ, ಕೊನೆಯ ‘ಯ್ಯ’ವನ್ನು ಬುಡದ ಹತ್ತಿರ ತುರುಕಿದ್ದಾನೆ. ಪಂಚಾಕ್ಷರಯ್ಯ ನಾನೇ. ಅದನ್ನು ನನಗೆ ಯಾರೂ ಉಡುಗೊರೆ ಕೊಟ್ಟದ್ದಲ್ಲ. ಅದರಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಕುಡಿಯಬಾರದು, ಅದಕ್ಕೋಸ್ಕರ ಕೆತ್ತಿಸಿದ್ದು.

ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನಗೆ ಕ್ಷಯ ಬಂದಿತ್ತು. ಆರು ತಿಂಗಳು ಆಸ್ಪತ್ರೆಯಲ್ಲಿದ್ದೆ. ಮನೆಗೆ ಬರುವಾಗ ಡಾಕ್ಟರು, “ಇನ್ನೊಂದು ಆರು ತಿಂಗಳು ತಟ್ಟೆ ಲೋಟ ಬೇರೆ ಇಟ್ಕೊಳ್ಳಿ, ಆಮೇಲೆ ಬೇಕಾಗಿಲ್ಲ” ಅಂದರು. ನನ್ನ ಹೆಂಡತಿ ಗಿರಿಜ ಆ ಮಾತಿನ ಮೊದಲರ್ಧವನ್ನು ಕೇಳಿಸಿಕೊಂಡು ಮಾರನೇ ದಿನವೇ ಲೋಟ ತಂದಳು. ಉಳಿದರ್ಧ ಅವಳ ಕಿವಿಗೆ ಬೀಳಲಿಲ್ಲವೋ, ಬಿದ್ದರೂ ಧೈರ್ಯ ಬರಲಿಲ್ಲವೋ. ಆರು ತಿಂಗಳು ಕಳೆದು, ಎಕ್ಸ್‌ರೇ ತೆಗೆದು, “ನಿಮ್ಮ ಎದೆ ಗಾಜಿನ ಹಾಗಿದೆ” ಎಂದು ಡಾಕ್ಟರು ಬರೆದುಕೊಟ್ಟರು. ಆ ಕಾಗದವನ್ನು ನಾನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಲೋಟ ಮಾತ್ರ ಗೂಡಿನ ಮೂಲೆಯಲ್ಲಿ, ಬೇರೆ ಲೋಟಗಳಿಂದ ಒಂದು ಗೇಣು ದೂರದಲ್ಲಿ, ಹಾಗೇ ಉಳಿಯಿತು. ನಾನೂ ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾಳೋ ಅನ್ನೋ ಭಯ ನನಗಿತ್ತು.

ಮನೆಯದು ಒಂದು ಕತೆಯಾದರೆ ಕಾರ್ಖಾನೆಯದು ಇನ್ನೊಂದು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾನು ಹದಿನೇಳು ವರ್ಷ ಲೇತಿನಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದವನು. ಕಿಟಕಿ ಪಕ್ಕದ ಮೂರನೇ ಲೇತು ನನ್ನದು. ಅದರ ಸದ್ದು ಕೇಳಿಯೇ ಅದಕ್ಕೆ ಎಣ್ಣೆ ಬೇಕೋ ಬೈಗುಳ ಬೇಕೋ ಹೇಳುತ್ತಿದ್ದೆ. ಕಾಯಿಲೆಯಿಂದ ವಾಪಸ್ಸು ಬಂದವನನ್ನು ಫೋರ್‌ಮನ್ ರಂಗಸ್ವಾಮಿಯವರು ‘ಲೈಟ್ ಡ್ಯೂಟಿ’ ಎಂದು ಟೂಲ್ ರೂಮಿನಲ್ಲಿ ಕೂರಿಸಿದರು. ಹಿತ್ತಾಳೆ ಟೋಕನ್ ಇಸಕೊಂಡು ಡ್ರಿಲ್ಲು, ಗೇಜು ಕೊಡುವ ಕೆಲಸ. ಮೊದಲೆಲ್ಲ ಕೈಗೆ ಕೈ ತಾಗಿಸಿ ಟೋಕನ್ ಕೊಡುತ್ತಿದ್ದ ಗೆಳೆಯರು ಈಗ ಕಿಟಕಿ ಕಟ್ಟೆಯ ಮೇಲಿಟ್ಟು ಬೆರಳಲ್ಲಿ ಇತ್ತ ದೂಡುತ್ತಾರೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದಾಯಿತು. ನಮ್ಮ ಕ್ಯಾಂಟೀನಿನಲ್ಲಿ ನನಗೆಂದು ಇಟ್ಟ ಅವರದೇ ಲೋಟ ಇನ್ನೂ ಬೇರೆ ಮೂಲೆಯಲ್ಲೇ ಕೂತಿದೆ. ತಮಾಷೆಯೆಂದರೆ ಕ್ಯಾಂಟೀನಿನಲ್ಲಿ ನೀರನ್ನು ಯಾರೂ ಕಚ್ಚಿ ಕುಡಿಯುವುದೇ ಇಲ್ಲ. ಎಲ್ಲರೂ ಎತ್ತಿ ಕುಡಿಯುವವರೇ. ಲೋಟವನ್ನು ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಹಾಕಿ, ಒಂದು ಗೇಣು ಮೇಲಿಂದ ಗಂಟಲಿಗೆ ನೀರು ಸುರಿದುಕೊಳ್ಳುತ್ತಾರೆ. ಬಾಯೇ ತಾಗದ ಲೋಟದಿಂದ ರೋಗ ಹೇಗ್ರಪ್ಪಾ ದಾಟುತ್ತೆ ಎಂದು ಒಂದು ದಿನ ಕೇಳಿಯೂ ಬಿಟ್ಟೆ. “ಅದೆಲ್ಲ ಯಾಕ್ ಗುರು ತಲೆ ಕೆಡಿಸ್ಕೋತೀಯಾ, ನಿಂಗೊಂದು ಲೋಟ ಇದೆಯಲ್ಲ” ಅಂದರು.

ಬೇರೆಯವರನ್ನು ಬಯ್ಯುವ ಮುಂಚೆ ನನ್ನದೂ ಒಂದು ಹೇಳಬೇಕು. ಆಸ್ಪತ್ರೆಗೆ ನಾನು ಸೇರಿದ ಒಂದು ತಿಂಗಳಿಗೆ ಪಕ್ಕದ ಮಂಚಕ್ಕೆ ಕೊರಟಗೆರೆ ಕಡೆಯ ಒಬ್ಬರು ಬಂದರು. ಇಬ್ಬರದೂ ಒಂದೇ ರೋಗ, ಒಂದೇ ಸೂಜಿ, ಒಂದೇ ಬಣ್ಣದ ಮಾತ್ರೆ. ಆದರೂ ಅವರು ಬಂದ ದಿನವೇ ನಾನು ನನ್ನ ನೀರಿನ ಲೋಟವನ್ನು ಅವರ ಕಡೆಯಿಂದ ಎತ್ತಿ ಇತ್ತ ಕಡೆಗೆ ಇಟ್ಟುಕೊಂಡೆ. ನನ್ನದು ಹಳೇ ರೋಗ, ಆಗಲೇ ಅರ್ಧ ವಾಸಿಯಾಗಿದೆ, ಅವರದು ಹೊಸದು, ಜೋರಾಗಿರುತ್ತೆ ಅನ್ನೋ ವಿಚಾರ. ಅವರು ನೋಡಿದರು. ಆ ಮನುಷ್ಯ ಏನಾದರೋ ಆಮೇಲೆ ಗೊತ್ತಾಗಲಿಲ್ಲ.

ಇಂಥದರಲ್ಲಿ ಒಂದು ದಿನ ನೋಟೀಸ್ ಬೋರ್ಡಿನ ಮೇಲೆ ಒಂದು ಕಾಗದ ಬಿತ್ತು. ಎಸ್ಟೇಟಿನ ಕಾರ್ಖಾನೆಗಳೆಲ್ಲ ಸೇರಿ ಮ್ಯಾರಥಾನ್ ಓಟ ನಡೆಸುತ್ತವಂತೆ. ಎಸ್ಟೇಟ್ ಗೇಟಿನಿಂದ ಹೊರಟು, ವಿಜಯನಗರದ ಮೇಲೆ ಮೈಸೂರು ರಸ್ತೆಗೆ ಬಿದ್ದು, ಬಾಪೂಜಿನಗರ, ಕೆಂಗೇರಿ ದಾಟಿ, ಕುಂಬಳಗೋಡಿನ ಹತ್ತಿರ ಒಂದು ಆಲದಮರ ಸುತ್ತಿಕೊಂಡು ಅದೇ ದಾರಿಯಲ್ಲಿ ವಾಪಸ್ಸು. ಒಟ್ಟು ಇಪ್ಪತ್ತಾರು ಮೈಲಿ. ಓದಿದವರೆಲ್ಲ ನಕ್ಕು ಊಟಕ್ಕೆ ಹೋದರು. ನಾನು ಊಟಕ್ಕೆ ಹೋಗಲಿಲ್ಲ. ಇಪ್ಪತ್ತಾರು ಮೈಲಿ ಓಡಿದವನ ಶ್ವಾಸಕೋಶದ ಬಗ್ಗೆ ಯಾವ ನನ್ಮಗ ಮಾತಾಡ್ತಾನೆ ನೋಡೇಬಿಡೋಣ ಎಂದು ನೇರವಾಗಿ ಹೋಗಿ ಹೆಸರು ಬರೆಸಿಬಿಟ್ಟೆ. ಫೋರ್‌ಮನ್ ಕರೆಸಿದರು.

“ಏನ್ರೀ ಪಂಚಾಕ್ಷರಯ್ಯ, ನಿಮಗ್ಯಾಕ್ರೀ ಇದೆಲ್ಲ? ವಯಸ್ಸು ನಲವತ್ತೆರಡು. ಅದರ ಮೇಲೆ ಅದೊಂದು ಬೇರೆ.”

ರಂಗಸ್ವಾಮಿಯವರು ನನ್ನ ಕಾಯಿಲೆಯ ಹೆಸರು ಯಾವತ್ತೂ ಹೇಳಿದವರಲ್ಲ. ‘ಅದು’ ಅನ್ನುತ್ತಾರೆ.

“ಅದು ವಾಸಿ ಆಗಿದೆ ಸಾರ್. ಓಡಿ ತೋರಿಸ್ತೀನಿ. ಓಡಿದ್ರೆ ನನ್ನ ಲೇತು ನಂಗೆ ಕೊಡಿ.”

ಪಕ್ಕದಲ್ಲಿ ನಾಲ್ಕು ಜನ ನಿಂತಿದ್ದರು. ಅವರ ಮುಂದೆ ಇಲ್ಲ ಅನ್ನುವುದಕ್ಕೆ ಫೋರ್‌ಮನ್ನರಿಗೆ ಮುಜುಗರವಾಗಿರಬೇಕು. “ಆಯ್ತು. ಇಪ್ಪತ್ತಾರು ಮೈಲಿ ಮುಗಿಸಿ ಬನ್ನಿ. ಒಂದೇ ಒಂದು ಸಲಾನೂ ಕೆಮ್ಮದೆ ಬನ್ನಿ. ಮಾರನೇ ದಿನ ನೀವು ನಿಮ್ಮ ಮಿಷನ್ ಹತ್ರ ನಿಂತ್ಕೊಳ್ಳಿ. ನಾನೂ ಸ್ಕೂಟರಲ್ಲಿ ಜೊತೆಗೇ ಬರ್ತಾ ಇರ್ತೀನಿ” ಅಂದರು. ನಾನು ಎದೆ ಗಾಜಿನ ಹಾಗಿದೆ ಎಂದು ಬರೆದುಕೊಟ್ಟ ಡಾಕ್ಟರ ಹತ್ತಿರ ಓಡಿದೆ. ಅವರು ಮತ್ತೊಮ್ಮೆ ಎದೆಗೆ ಕೊಳವೆ ಹಚ್ಚಿ ನೋಡಿ, “ಇಲ್ಲೇನೂ ತೊಂದರೆ ಇಲ್ಲ. ತೊಂದರೆ ಇರೋದು ತಲೇಲಿ. ಅದಕ್ಕೆ ಬೇರೆ ಡಾಕ್ಟರಿದ್ದಾರೆ” ಎಂದು ಹೇಳಿ, ಓಡಬಹುದೆಂದು ಬರೆದು ಸಹಿ ಹಾಕಿಕೊಟ್ಟರು.

ಆವತ್ತಿನಿಂದ ನನ್ನ ತಯಾರಿ ಶುರುವಾಯಿತು. ನಾನು ಟರ್ನರ್, ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮಾಲು ತಿಪ್ಪೆಗೆ ಅನ್ನೋ ಕಸುಬಿನವನು. ಕಾರ್ಖಾನೆಯ ಗ್ರಾಫ್ ಹಾಳೆ ತಂದು ಮಧ್ಯದ ಮನೆಯ ಗೋಡೆಗೆ ಅಂಟಿಸಿ ಇಪ್ಪತ್ತಾರು ಗೀಟು ಎಳೆದೆ. ಯಾವ ಮೈಲಿಗೆ ಎಷ್ಟು ಗಂಟೆ, ಎಲ್ಲಿ ಏರು, ಎಲ್ಲಿ ನೆರಳು, ಎಲ್ಲಿ ನಾಯಿ. ಒಂದು ಭಾನುವಾರ ಪೂರ್ತಿ ಕೆಂಗೇರಿ ಬಸ್ಸಿನಲ್ಲಿ ಹೋಗುವುದು ಬರುವುದು ಮಾಡುತ್ತಾ ನಲ್ಲಿ, ಬಾವಿ, ಮರೆಯಾಗಿ ಕೂರಬಹುದಾದ ಪೊದೆ ಎಲ್ಲ ಪುಸ್ತಕದಲ್ಲಿ ಬರೆದುಕೊಂಡೆ. ನಾನು ಬರೆಯುವುದನ್ನು ನೋಡಿ ನೋಡಿ ಬೆವೆತುಹೋದ ಕಂಡಕ್ಟರು ನನ್ನನ್ನು ಚೆಕಿಂಗ್‌ನವರು ಅಂದುಕೊಂಡು, ಆವತ್ತು ಎಲ್ಲರಿಗೂ ಚಿಲ್ಲರೆ ಕೊಟ್ಟರು. ಪ್ರಯಾಣಿಕರು ಕಂಗಾಲಾದರು.

ಬೆಳಿಗ್ಗೆ ಐದೂವರೆಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಓಡತೊಡಗಿದೆ. ಚಡ್ಡಿ ಹಾಕುವುದೊಂದು ದೊಡ್ಡ ಸಮಸ್ಯೆಯಾಯಿತು. ನಲವತ್ತೆರಡನೇ ವಯಸ್ಸಿನಲ್ಲಿ ಹಾಲಿನ ಬೂತಿನ ಕ್ಯೂ ಮುಂದೆ ತೊಡೆ ತೋರಿಸಿಕೊಂಡು ಹೋಗಲು ಬಹಳ ಗಟ್ಟಿ ಮನಸ್ಸು ಬೇಕು. ನಾನು ಮೊದಲ ವಾರ ಪಂಚೆ ಎತ್ತಿ ಕಟ್ಟಿಕೊಂಡೇ ಓಡಿದೆ. ಪಂಚೆ ಕಟ್ಟಿದವನು ಓಡಿದರೆ ಜನ ಅದನ್ನು ವ್ಯಾಯಾಮ ಅಂದುಕೊಳ್ಳುವುದಿಲ್ಲ. “ಏನಾಯ್ತು ಸಾರ್? ಯಾರಿಗೆ ಹುಷಾರಿಲ್ಲ?” ಎಂದು ಇಬ್ಬರು ಸೈಕಲ್ ತಂದು ನಿಲ್ಲಿಸಿದರು. ಒಬ್ಬರು, “ಹತ್ಕೊಳ್ಳಿ, ಡಾಕ್ಟರ್ ಮನೆಗೆ ಬಿಡ್ತೀನಿ” ಅಂದರು. ಎಂಟನೇ ದಿನಕ್ಕೆ ಚಡ್ಡಿಗೆ ಬಂದೆ. ಮಹಾಲಕ್ಷ್ಮಿ ಲೇಔಟಿನ ಖಾಲಿ ಸೈಟುಗಳ ನಡುವೆ ಓಡುತ್ತಿದ್ದರೆ ನೋಡುವವರು ದನಗಳು ಮಾತ್ರ, ಅವು ಏನೂ ಕೇಳುವುದಿಲ್ಲ. ಮೊದಲ ದಿನ ಅರ್ಧ ಮೈಲಿಗೆ ಕಣ್ಣು ಕತ್ತಲಿಟ್ಟುಕೊಂಡು ಬಂತು. ಮೂರು ತಿಂಗಳಿಗೆ ಹದಿನಾರು ಮೈಲಿ ಓಡಿದೆ. ಒಂದು ಸಲವೂ ಕೆಮ್ಮಲಿಲ್ಲ. ಬಂದು ಗಿರಿಜಳಿಗೆ ಹೇಳಿದರೆ ಅವಳು, “ಹದಿನಾರು ಮೈಲಿ ಓಡಿ ಬರೋವಾಗ ಒಂದು ಕಟ್ಟು ಕೊತ್ತಂಬರಿ ತರಬಾರದಿತ್ತೇ?” ಅಂದಳು. ಆದರೆ ನೆನೆಸಿದ ಕಡಲೆಬೀಜ, ಬೆಲ್ಲದ ಚೂರು ಬಟ್ಟಲಲ್ಲಿ ಹಾಕಿ ಮುಚ್ಚಿಟ್ಟಿರುತ್ತಿದ್ದಳು. ಬಟ್ಟಲಿನ ಪಕ್ಕದಲ್ಲಿ ಆ ಲೋಟ.

ಕೊನೆಗೆ ಉಳಿದದ್ದು ನೀರಿನ ವ್ಯವಸ್ಥೆ. ‘ಓಟಗಾರರು ನೀರಿನ ಏರ್ಪಾಟನ್ನು ತಾವೇ ಮಾಡಿಕೊಳ್ಳತಕ್ಕದ್ದು’ ಎಂದು ನೋಟೀಸಿನಲ್ಲೇ ಇತ್ತು. ದೇವರ ದಯದಿಂದ ದಾರಿಯುದ್ದಕ್ಕೂ ನೆಂಟರಿದ್ದರು. ನಾಲ್ಕನೇ ಮೈಲಿ ಬಾಪೂಜಿನಗರದಲ್ಲಿ ನಮ್ಮಕ್ಕ ಸರ್ವಮಂಗಳ. ಮೈಸೂರು ರಸ್ತೆಗೆ ಅವಳ ಮನೆ ನಾಲ್ಕು ಹೆಜ್ಜೆ. ಒಂಬತ್ತನೇ ಮೈಲಿ ಕೆಂಗೇರಿಯಲ್ಲಿ ನಮ್ಮ ಸೋದರಮಾವ ನಂಜಪ್ಪನವರು, ಅವರ ಹೊಲವೇ ರಸ್ತೆ ಪಕ್ಕ. ಅದೇ ದಾರಿಯಲ್ಲಿ ವಾಪಸ್ಸು ಬರುವುದರಿಂದ ಇಬ್ಬರೂ ಎರಡೆರಡು ಸಲ ಸಿಗುತ್ತಾರೆ. ಗೇಟಿನ ಹತ್ತಿರ ಗಿರಿಜ. ಗ್ರಾಫ್ ಹಾಳೆಯ ಮೇಲೆ ಮೂವರಿಗೂ ಕೆಂಪು ಚುಕ್ಕಿ ಇಟ್ಟೆ. ನೋಡಿದವರು ಭೇಷ್ ಅನ್ನಬೇಕು, ಹಾಗಿತ್ತು. ಆಗ ಗಿರಿಜ ತರಕಾರಿ ಹೆಚ್ಚುತ್ತಾ ತಲೆ ಎತ್ತದೆ ಕೇಳಿದಳು: “ಇರೋದು ಒಂದೇ ಲೋಟ, ಜಾಗ ಮೂರು. ಎಲ್ಲಿಗೆ ಕಳಿಸೋದು?”

ಅವಳು ಕೊಂಕಿಗೆ ಕೇಳಿದ್ದಲ್ಲ. ಪಾತ್ರೆ ಪಗಡದ ವಿಚಾರ ಕೇಳುವ ಹಾಗೆ ಕೇಳಿದಳು, ಅದೇ ನನಗೆ ಹೆಚ್ಚು ಉರಿಯಿತು. ಮಾರನೇ ದಿನ ಅಕ್ಕನ ಮನೆಗೆ ಹೋಗಿ ಎಲ್ಲ ವಿವರಿಸಿದೆ. ಅಕ್ಕ ಖುಷಿಪಟ್ಟಳು, ಕಣ್ಣೊರೆಸಿಕೊಂಡಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. “ನೀರೇನು, ಪಾನಕಾನೇ ಮಾಡ್ಕೊಂಡು ನಿಂತಿರ್ತೀನಿ ಕಣೋ” ಅಂದಳು. ಆಮೇಲೆ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಾ, “ನಿನ್ನ ಲೋಟ ಮುಂಚೇನೇ ಕಳಿಸಿಕೊಡ್ತೀಯೇನೋ? ಮನೇಲಿ ಮಕ್ಕಳಿದಾವೆ ನೋಡು, ಅದಕ್ಕೆ ಕೇಳ್ದೆ” ಅಂದಳು. ನನಗೆ ರೇಗಿತು. “ಲೋಟ ಗೀಟ ಏನೂ ಬೇಡ ಅಕ್ಕ. ಎತ್ತಿ ಕುಡೀತೀನಿ. ನಿಮ್ಮ ಯಾರ ಲೋಟಕ್ಕೂ ನನ್ನ ಬಾಯಿ ತಾಗಲ್ಲ” ಎಂದು ಎದ್ದು ಬಂದೆ. ಮನೆಗೆ ಬಂದವನೇ ಗ್ರಾಫ್ ಹಾಳೆಯ ಮೇಲೆ ಮೂರು ಕೆಂಪು ಚುಕ್ಕಿಗಳ ಪಕ್ಕದಲ್ಲೂ ‘ಎತ್ತಿ’ ಎಂದು ಬರೆದೆ.

ಈಗ ನೀವು ಬುದ್ಧಿವಂತರು, ನಿಮಗೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಮೂರು ತಿಂಗಳು ಓಟ ಅಭ್ಯಾಸ ಮಾಡಿದೆ, ಶೂ ಪಳಗಿಸಿದೆ, ಪೊದೆ ಗುರುತು ಮಾಡಿದೆ. ಓಡುತ್ತಾ ಓಡುತ್ತಾ ಎತ್ತಿ ನೀರು ಕುಡಿಯುವುದನ್ನು ಮಾತ್ರ ಒಂದು ದಿನವೂ ಅಭ್ಯಾಸ ಮಾಡಲಿಲ್ಲ. ಹುಟ್ಟಿದಾಗಿನಿಂದ ನೀರನ್ನು ಎತ್ತಿ ಕುಡಿದವನು, ಅದಕ್ಕೇನು ಅಭ್ಯಾಸ?

ಓಟದ ದಿನ ಬೆಳಿಗ್ಗೆ ಆರಕ್ಕೆ ಎಸ್ಟೇಟ್ ಗೇಟಿನಲ್ಲಿ ಐವತ್ತು ಅರವತ್ತು ಜನ ಸೇರಿದ್ದೆವು. ಶಾಮಿಯಾನ ಹಾಕಿ, ಮೈಕಿನಲ್ಲಿ ಹಲೋ ಹಲೋ ಅಂತಿದ್ದರು. ಹುಡುಗರೆಲ್ಲ ಬಾಣ ಬಿಟ್ಟ ಹಾಗೆ ಹೋದರು. ನಾನು ನನ್ನ ಲೆಕ್ಕದಲ್ಲಿ ನಿಧಾನವಾಗಿ ಹೊರಟೆ. ಹಿಂದೆ ಫೋರ್‌ಮನ್ನರ ಸ್ಕೂಟರ್ ಬುಡಬುಡ ಅನ್ನುತ್ತಾ ಬರುತ್ತಿತ್ತು. ವಿಜಯನಗರ ದಾಟಿ ಮೈಸೂರು ರಸ್ತೆಗೆ ಬಿದ್ದಾಗ ಮೈ ಹಗುರವಾಗಿತ್ತು. ಗಡಿಯಾರ ನೋಡಿಕೊಂಡರೆ ಹಾಳೆಗೂ ನನಗೂ ಅರ್ಧ ನಿಮಿಷ ವ್ಯತ್ಯಾಸವಿಲ್ಲ. ಬಹಳ ದಿನದ ಮೇಲೆ ನಾನು ಸಂತೋಷವಾಗಿದ್ದೆ ಎಂದು ಈಗ ಅನ್ನಿಸುತ್ತದೆ.

ಬಾಪೂಜಿನಗರದಲ್ಲಿ ಅಕ್ಕ ಹೊಸ ಸೀರೆ ಉಟ್ಟು, ಒಂದು ಕೈಯಲ್ಲಿ ಪಾನಕದ ಚೊಂಬು, ಇನ್ನೊಂದು ಕೈಯಲ್ಲಿ ತುಂಬಿದ ಲೋಟ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಬೀದಿಯ ಹೆಂಗಸರು, ಗಂಡಸರು ಒಂದು ಇಪ್ಪತ್ತು ಜನ. ನಾನು ನಿಲ್ಲಲಿಲ್ಲ. ನಿಲ್ಲುವುದು ಹಾಳೆಯಲ್ಲಿರಲಿಲ್ಲ. ಓಡುತ್ತಲೇ ಲೋಟ ಇಸಕೊಂಡೆ, ಓಡುತ್ತಲೇ ತಲೆ ಹಿಂದಕ್ಕೆ ಹಾಕಿದೆ, ಓಡುತ್ತಲೇ ಎತ್ತಿ ಸುರಿದುಕೊಂಡೆ. ಒಂದು ಪಾಲು ಮೂಗಿಗೆ, ಒಂದು ಪಾಲು ಕಣ್ಣಿಗೆ, ಉಳಿದದ್ದು ಶ್ವಾಸನಾಳಕ್ಕೆ ಹೋಯಿತು. ಕೆಮ್ಮು ಬಂತು ನೋಡಿ. ಎಂಥ ಕೆಮ್ಮು! ರೋಗವಿದ್ದಾಗಲೂ ನಾನು ಹಾಗೆ ಕೆಮ್ಮಿರಲಿಲ್ಲ. ರಸ್ತೆ ಮಧ್ಯೆ ಮಂಡಿ ಹಿಡಿದು ಬಗ್ಗಿ, ಕಣ್ಣು ಕಿತ್ತು ಬರುವ ಹಾಗೆ ಖೊಕ್ ಖೊಕ್ ಖೊಕ್. ಮೆಣಸು ಏಲಕ್ಕಿ ಹಾಕಿದ ಪಾನಕ ಅದು, ಹೋದ ದಾರಿಯನ್ನೆಲ್ಲ ಸುಟ್ಟುಕೊಂಡು ಹೋಗಿತ್ತು.

ನಮ್ಮಲ್ಲಿ ಯಾರಿಗಾದರೂ ನೀರು ನೆತ್ತಿಗೇರಿದರೆ ಏನು ಮಾಡುತ್ತಾರೆ, ನಿಮಗೆ ಗೊತ್ತು. ಹತ್ತಿರದಲ್ಲಿದ್ದವರು ಓಡಿ ಬಂದು ನೆತ್ತಿಯ ಮೇಲೆ ತಟ್ಟುತ್ತಾರೆ. “ಯಾರೋ ನೆನೆಸ್ಕೋತಾ ಇದಾರೆ” ಅನ್ನುತ್ತಾರೆ. ಗುರುತು ಪರಿಚಯ ಇಲ್ಲದವರಾದರೂ ಸರಿ, ಬಸ್ಸಿನಲ್ಲಾದರೂ ಸರಿ. ನಾನು ಸಣ್ಣವನಿದ್ದಾಗ ನನ್ನ ನೆತ್ತಿ ತಟ್ಟಿದ್ದೆಲ್ಲ ಅಕ್ಕನೇ. ಆವತ್ತೂ ಅವಳು ಓಡಿ ಬಂದಳು. ಕೈ ಎತ್ತಿದಳು. ಎತ್ತಿದ ಕೈ ನನ್ನ ತಲೆಯಿಂದ ಅರ್ಧ ಮೊಳ ದೂರದಲ್ಲಿ ಹಾಗೇ ನಿಂತುಬಿಟ್ಟಿತು. ನಾನು ಬಗ್ಗಿದ್ದವನು ಓರೆಗಣ್ಣಲ್ಲಿ ನೋಡಿದೆ. ಹಿಂದೆ ನಿಂತಿದ್ದವರು ಎರಡು ಹೆಜ್ಜೆ ಸರಿದರು, ಒಬ್ಬ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಸ್ಕೂಟರ್ ನಿಂತಿತು.

“ನೀರು ನೆತ್ತಿಗೇರಿತು ಸಾರ್” ಅಂದೆ, ಉಸಿರು ಬಂದ ಮೇಲೆ.

ಫೋರ್‌ಮನ್ ಕಾಲು ಕೆಳಗಿಟ್ಟು ನೋಡುತ್ತಿದ್ದರು. ಲೋಟವನ್ನು ರಸ್ತೆ ಅಂಚಿನ ಕಲ್ಲಿನ ಮೇಲಿಟ್ಟು ಓಡಿದೆ. ಅಲ್ಲಿಂದ ಮುಂದೆ ನನ್ನ ಓಟಕ್ಕೆ ಹಾಳೆಯೂ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಆ ಅರ್ಧ ಮೊಳ ಮಾತ್ರ ಕಣ್ಣ ಮುಂದೆ ಇತ್ತು.

ಕೆಂಗೇರಿಯಲ್ಲಿ ನಂಜಪ್ಪ ಮಾವ ರಸ್ತೆ ಮಧ್ಯೆಯೇ ಕೈ ಅಗಲಿಸಿ ನಿಂತಿದ್ದರು. ಅವರಿಗೆ ಮ್ಯಾರಥಾನ್ ಅಂದರೆ ಏನೆಂದು ನಾನು ಎರಡು ಸಲ ಹೇಳಿದ್ದೆ. ಅವರು ಅರ್ಥ ಮಾಡಿಕೊಂಡಿದ್ದು ನಾನು ಅವರ ಮನೆಗೆ ನಡೆದುಕೊಂಡು ಬರುತ್ತಿದ್ದೇನೆ ಎಂದು. “ಏನಯ್ಯಾ ಇದು, ಬಸ್ಸಿಲ್ವೇನಯ್ಯಾ ನಿಮ್ಮೂರಲ್ಲಿ? ಬಾ, ಕೈಕಾಲು ತೊಳ್ಕೊ, ಅವರೆಕಾಳು ಉಪ್ಪಿಟ್ಟು ಆಗಿದೆ” ಅಂದರು. ಓಡಬೇಕು ಮಾವ ಅಂದೆ. “ಎಲ್ಲಿಗೆ?” ಅಂದರು. ಕುಂಬಳಗೋಡಿಗೆ ಅಂದೆ. “ಅಲ್ಲಿ ಯಾರಿದಾರೆ?” ಅಂದರು. ಅಲ್ಲಿ ಒಂದು ಆಲದಮರ ಇದೆ, ಅದನ್ನು ಸುತ್ತಿಕೊಂಡು ಬರಬೇಕು ಅಂದೆ. ಮಾವ ಹರಕೆ ಇರಬೇಕು ಅಂದುಕೊಂಡು ದಾರಿ ಬಿಟ್ಟರು. ಮಜ್ಜಿಗೆ ಕೊಡಲು ಬಂದರು, ನಾನು ಮುಟ್ಟಲಿಲ್ಲ. ವಾಪಸ್ಸು ಬರುವಾಗಲೂ ಚೊಂಬು ಹಿಡಿದು ನಿಂತಿದ್ದರು, ಆಗಲೂ ಮುಟ್ಟಲಿಲ್ಲ. ಸ್ಕೂಟರ್ ಹಿಂದೆಯೇ ಇತ್ತು. ಇನ್ನೊಂದು ಸಲ ನೆತ್ತಿಗೇರಿದರೆ ಮುಗಿಯಿತು ಅನ್ನೋ ಭಯ. ನಿಂತು ಕುಡಿಯಬಹುದಿತ್ತಲ್ಲ ಅನ್ನುತ್ತೀರಿ. ಹೌದು, ನಿಂತು ಕುಡಿಯಬಹುದಿತ್ತು. ನಿಮಗೆ ಮನೆಯಲ್ಲಿ ಕೂತು ಹೊಳೆದದ್ದು ನನಗೆ ಮೈಸೂರು ರಸ್ತೆಯ ಬಿಸಿಲಿನಲ್ಲಿ ಹೊಳೆಯಲಿಲ್ಲ.

ಆ ವಾಪಸ್ಸು ದಾರಿಯ ಬಗ್ಗೆ ಹೆಚ್ಚು ಹೇಳಲಾರೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಓಟ ನಡಿಗೆಯಾಯಿತು, ನಡಿಗೆ ತೂರಾಟವಾಯಿತು. ಇಪ್ಪತ್ತೆರಡನೇ ಮೈಲಿಗೆ, ಮತ್ತೆ ಬಾಪೂಜಿನಗರ ಬಂದಾಗ, ನನ್ನ ಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಮೋರಿ ಕಟ್ಟೆಯ ಮೇಲೆ ಕುಸಿದು ಕೂತೆ. ಬೀದಿಯವರೆಲ್ಲ ಮನೆಗೆ ಹೋಗಿದ್ದರು. ಅಕ್ಕ ಒಬ್ಬಳೇ ಇದ್ದಳು. ಅದೇ ಜಾಗದಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಬೆಳಗಿನಿಂದ ನಿಂತೇ ಇದ್ದಳೇನೋ. ಫೋರ್‌ಮನ್ ಸ್ಕೂಟರ್ ನಿಲ್ಲಿಸಿ, “ಸಾಕು ಬನ್ರೀ, ಹತ್ಕೊಳ್ಳಿ. ಜೀವಕ್ಕಿಂತ ಹೆಚ್ಚೇನ್ರೀ?” ಅಂದರು. ನಾನು ಒಲ್ಲೆನೆಂದು ತಲೆಯಾಡಿಸಿದೆ. ಅಕ್ಕ ಲೋಟ ತುಂಬಿ ಕೊಟ್ಟಳು. ಎತ್ತಲು ಹೋದೆ. ಅರ್ಧ ಎದೆಯ ಮೇಲೆ ಚೆಲ್ಲಿತು. ಇನ್ನೊಂದು ಸಲ ತುಂಬಿದಳು, ಇನ್ನೊಂದು ಸಲ ಚೆಲ್ಲಿತು.

“ಕಚ್ಚಿ ಕುಡಿಯೋ” ಅಂದಳು ಅಕ್ಕ.

“ಬೇಡ. ಮಕ್ಕಳಿದಾವೆ ನಿಮ್ಮನೇಲಿ.”

“ಸಾಯ್ತೀಯ ಕಣೋ ಮುಂಡೇದೆ, ಕಚ್ಚಿ ಕುಡಿ!” ಎಂದು ಕಿರುಚಿದವಳೇ ನನ್ನ ಪಕ್ಕ ಕೂತು, ಲೋಟವನ್ನು ತಾನೇ ನನ್ನ ತುಟಿಗೆ ಒತ್ತಿ ಹಿಡಿದಳು. ಇನ್ನೊಂದು ಕೈ ನನ್ನ ನೆತ್ತಿಯ ಮೇಲೆ ಬಂತು. ನೆತ್ತಿಗೇರುವ ಮುಂಚೆಯೇ ತಟ್ಟತೊಡಗಿದಳು. ಒಂದು, ಎರಡು, ಮೂರು, ನಾಲ್ಕು ಲೋಟ ಕುಡಿದೆ. ಬೇರೆಯವರ ಮನೆಯ ಲೋಟ ತುಟಿಗೆ ತಾಗಿ ಎರಡು ವರ್ಷವಾಗಿತ್ತು. ಲೋಟದ ಅಂಚು ತಣ್ಣಗಿತ್ತು. ಪಾನಕಕ್ಕಿಂತ ಅದೇ ರುಚಿಯಾಗಿತ್ತು ಅಂದರೆ ನೀವು ನಗುತ್ತೀರಿ, ನಗಿ. ನಾನು ಅತ್ತೆ. ಅಕ್ಕನೂ ಅತ್ತಳು. ಫೋರ್‌ಮನ್ನರು ಸ್ಕೂಟರಿನ ಕನ್ನಡಿ ಒರೆಸುತ್ತಾ ನಿಂತರು.

ಉಳಿದ ನಾಲ್ಕು ಮೈಲಿ ನಡೆದೇ ಮುಗಿಸಿದೆ. ಗೇಟು ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಶಾಮಿಯಾನದವರು ಗೂಟ ಕೀಳುತ್ತಿದ್ದರು. ಮೈಕಿನವನು ವೈರ್ ಸುತ್ತಿಕೊಳ್ಳುತ್ತಾ, “ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್” ಅಂದ. ಗಿರಿಜ ಒಬ್ಬಳೇ ನೆರಳಿನಲ್ಲಿ ಕಾದಿದ್ದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಮುಖ ಒರೆಸಿದಳು, ಚೀಲಕ್ಕೆ ಕೈ ಹಾಕಿದಳು. “ನಿಂಬೆಹಣ್ಣಿನ ಶರಬತ್ತು ಮಾಡಿದೀನಿ. ನಿಮ್ಮ ಲೋಟಾನೂ ತಂದಿದೀನಿ” ಅಂದಳು. ಅವಳ ದನಿಯಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ ನಾನು ಅದರಲ್ಲೇ ಕುಡಿದೆ.

ಸೋಮವಾರ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕುಂಟಿಕೊಂಡೇ ಹೋಗಿ ಮೂರನೇ ಲೇತಿನ ಹತ್ತಿರ ನಿಂತೆ. ಫೋರ್‌ಮನ್ ಬಂದರು. ನನ್ನ ಮುಖ ನೋಡದೆ ಲೇತಿನ ಹಿಡಿಯನ್ನು ನೋಡುತ್ತಾ ಮಾತಾಡಿದರು. “ಮುಗಿಸಿದ್ರಿ, ಅದು ಸರಿ. ಆದ್ರೆ ಬಾಪೂಜಿನಗರದಲ್ಲಿ ಕೆಮ್ಮಿದ್ರಲ್ಲ ಪಂಚಾಕ್ಷರಯ್ಯ.”

“ನೀರು ಸಾರ್ ಅದು. ನೀವೇ ನೋಡಿದ್ರಿ.”

“ನೀರೋ, ಇನ್ನೊಂದೋ, ನಾನೇನು ಡಾಕ್ಟರಾ? ಹುಡುಗರು ಕೇಳ್ತಾರೆ. ಮುಂದಿನ ವರ್ಷ ನೋಡೋಣ ಬಿಡಿ.”

ನಾನು ಟೂಲ್ ರೂಮಿಗೆ ಹೋಗಿ ಕೂತೆ. ಆವತ್ತು ಮೊದಲು ಬಂದ ಟೋಕನ್ನು ಕಟ್ಟೆಯ ಮೇಲೆ ಸರ್ರನೆ ಜಾರಿ ಬಂದು ನನ್ನ ಕಾಲ ಬುಡಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಸೊಂಟ ಬಗ್ಗಲಿಲ್ಲ.

ಲೇತು ಹೋದರೆ ಹೋಯಿತು, ಅಕ್ಕನ ಕೈ ನೆತ್ತಿಗೆ ತಾಗಿತಲ್ಲ, ಅಷ್ಟೇ ಸಾಕು ಎಂದು ಸಮಾಧಾನ ಮಾಡಿಕೊಂಡೆ. ನಿಜವಾಗಿಯೂ ಸಮಾಧಾನವಾಗಿತ್ತು. ಒಂದು ತಿಂಗಳಾದ ಮೇಲೆ ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಅಕ್ಕ ಸಡಗರದಿಂದ ಒಳಗೆ ಹೋಗಿ ಕಾಫಿ ತಂದಳು. ಲೋಟ ನೋಡಿದ ಕೂಡಲೇ ಗುರುತು ಹತ್ತಿತು. ಓಟದ ದಿನ ನಾನು ಮೋರಿ ಕಟ್ಟೆಯ ಮೇಲೆ ಕೂತು ಕಚ್ಚಿ ಕುಡಿದ ಅದೇ ಲೋಟ. ಕೈಯಲ್ಲಿ ತಿರುಗಿಸಿದೆ. ಅದರ ಮೇಲೆ ‘ಟಿ. ಪಂಚಾಕ್ಷರಯ್ಯ’ ಎಂದು ಹೊಸದಾಗಿ ಕೆತ್ತಿತ್ತು.

“ಎತ್ತಿ ಕುಡಿಯೋಕೆ ಹೋಗಿ ಇನ್ನೊಂದ್ಸಲ ನೆತ್ತಿಗೇರಿಸ್ಕೋಬೇಡ” ಅಂದಳು ಅಕ್ಕ, ಪಕ್ಕದಲ್ಲಿ ಕೂರುತ್ತಾ. “ನೀನು ಬಂದಾಗ ಧೈರ್ಯವಾಗಿ ಕಚ್ಚಿ ಕುಡೀಲಿ ಅಂತಾನೇ ಹೆಸರು ಹಾಕಿಸಿದೀನಿ.” ಅವಳ ಮುಖದಲ್ಲಿ ಕಪಟವೇನೂ ಇರಲಿಲ್ಲ. ನನ್ನ ನೆತ್ತಿ ತಟ್ಟಿದ ಕೈಯಲ್ಲೇ ಆ ಲೋಟವನ್ನು ಅಂಗಡಿಗೆ ಒಯ್ದು ಕೊಟ್ಟಿದ್ದಳು.

ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದೆ. ಕಸುಬುದಾರ ಕಸುಬನ್ನು ಮೆಚ್ಚಬೇಕು. ಈ ಸಲ ಕೆತ್ತಿದವನು ಮೊದಲೇ ಅಳತೆ ಮಾಡಿ, ಗುರುತು ಹಾಕಿಕೊಂಡು ಕೆತ್ತಿದ್ದ. ಅಕ್ಷರಗಳೆಲ್ಲ ಒಂದೇ ಸಮ ಬಿದ್ದಿದ್ದವು, ‘ಯ್ಯ’ಕ್ಕೆ ಬೇಕಾದಷ್ಟು ಜಾಗವಿತ್ತು. ಮನಸ್ಸು, ನಾನು ಬೇಡ ಬೇಡ ಅಂದರೂ ಕೇಳದೆ, ಗೋಡೆಯ ಮೇಲಿನ ಗ್ರಾಫ್ ಹಾಳೆಗೆ ಹೋಯಿತು. ಮನೆಯಲ್ಲೊಂದು, ಬಾಪೂಜಿನಗರದಲ್ಲೊಂದು. ಮುಂದಿನ ವರ್ಷದ ಓಟಕ್ಕೆ ಕೆಂಗೇರಿಯದೊಂದೇ ಬಾಕಿ. ಕಾಫಿ ಆರುತ್ತಿತ್ತು. ಕಚ್ಚಿಯೇ ಕುಡಿದೆ. ನನ್ನ ಲೋಟ ತಾನೆ.